‘ಪತ್ತೆಯಾಗಿಲ್ಲ’ ಅಂದರೆ ಎಷ್ಟು? ಅಣುಸ್ಥಾವರಗಳ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಅಣುವಿದ್ಯುತ್ ಸ್ಥಾವರ ನಡೆಸುವವರಿಗೆ, ಅವುಗಳ ಮೇಲೆ ಕಣ್ಣಿಡುವ ನಿಯಂತ್ರಣ ಸಂಸ್ಥೆಗಳಿಗೆ, ಜನರ ಆಹಾರ ಮತ್ತು ಕುಡಿಯುವ ನೀರಿನ ಹೊಣೆ ಹೊತ್ತ ಇಲಾಖೆಗಳಿಗೆ,

ನಮಸ್ಕಾರ.

ನಾನು ಹಲವು ವರ್ಷ ನೀರು, ಹಾಲು, ಮಣ್ಣು ಪರೀಕ್ಷೆ ಮಾಡುವ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ಸ್ಯಾಂಪಲ್ ಬಾಟಲಿಗೆ ಚೀಟಿ ಅಂಟಿಸುವುದು, ಯಂತ್ರಕ್ಕೆ ಇಡುವುದು, ಬಂದ ಅಂಕಿಯನ್ನು ರಿಪೋರ್ಟಿಗೆ ಇಳಿಸುವುದು ನನ್ನ ಕೆಲಸವಾಗಿತ್ತು. ಒಂದು ದಿನ ಅಣುಸ್ಥಾವರದ ಪಕ್ಕದ ಹಳ್ಳಿಯಿಂದ ಒಬ್ಬ ಹೆಂಗಸು ಬಂದರು. ಅವರ ಮನೆಯ ಬಾವಿ ನೀರಿನಲ್ಲಿ ವಿಕಿರಣಶೀಲ ವಸ್ತು ಇದೆಯಾ ಅಂತ ನೋಡಿದ ರಿಪೋರ್ಟ್ ಕೈಯಲ್ಲಿತ್ತು. ಅದರಲ್ಲಿದ್ದ ‘ಪತ್ತೆಯಾಗಿಲ್ಲ’ ಎಂಬ ಪದದ ಮೇಲೆ ಬೆರಳಿಟ್ಟು ಕೇಳಿದರು: “ಇದು ನೀರಲ್ಲಿ ಇಲ್ಲ ಅಂತಲಾ, ಇಲ್ಲಾ ನಿಮಗೆ ಸಿಕ್ಕಿಲ್ಲ ಅಂತಲಾ?”

ನನಗೆ ಉತ್ತರ ಗೊತ್ತಿತ್ತು. ಆದರೆ ಆ ಹಾಳೆಯಲ್ಲಿ ಉತ್ತರ ಇರಲಿಲ್ಲ. ಆ ವಾರ ಸ್ಯಾಂಪಲ್‌ಗಳು ರಾಶಿ ಬಿದ್ದಿದ್ದವು. ಇಡೀ ದಿನ ಯಂತ್ರದಲ್ಲಿ ಇಡಬೇಕಾದ ನೀರನ್ನು ಒಂದೇ ಗಂಟೆ ಇಟ್ಟು ತೆಗೆದಿದ್ದೆವು. ಅಷ್ಟು ಹೊತ್ತಿನಲ್ಲಿ ಸಣ್ಣ ಪ್ರಮಾಣ ಕಾಣುವುದೇ ಇಲ್ಲ. ಅದನ್ನು ಬರೆಯಲು ರಿಪೋರ್ಟಿನ ನಮೂನೆಯಲ್ಲಿ ಜಾಗವೂ ಇರಲಿಲ್ಲ. “ಏನೂ ಚಿಂತೆ ಮಾಡಬೇಡಿ” ಅಂತ ಹೇಳಿ ಕಳಿಸಿಬಿಟ್ಟೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಈ ಪತ್ರ ಬರೆಯಲು ಕೂತಿದ್ದು ಅದಕ್ಕೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಣುವಿದ್ಯುತ್ ಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಇಲ್ಲಿ ಬಂದಿಲ್ಲ. ಸ್ಥಾವರ ಇದೆ. ಅದರ ಸುತ್ತ ಜನ ಇದ್ದಾರೆ. ಅವರು ಅಲ್ಲಿಯ ನೀರು ಕುಡಿಯುತ್ತಾರೆ, ಅಲ್ಲೇ ಬೆಳೆದದ್ದನ್ನು ತಿನ್ನುತ್ತಾರೆ, ಅಲ್ಲಿಯ ಮೀನು ಹಿಡಿಯುತ್ತಾರೆ. ಅವರಿಗೆ ನೀವು ಕೊಡುತ್ತಿರುವುದು ‘ಎಲ್ಲವೂ ಸುರಕ್ಷಿತ’ ಎಂಬ ಒಂದು ಸಾಲು. ಅವರಿಗೆ ಬೇಕಾಗಿರುವುದು ಅಂಕಿ. ನಾನು ಕೇಳುತ್ತಿರುವುದು ಅಷ್ಟೇ.

ಓದುವ ಎಲ್ಲರಿಗೂ ತಿಳಿಯಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಕಿರಣಶೀಲ ವಸ್ತುವಿನ ಪರಮಾಣುಗಳು ತಾವಾಗಿಯೇ ಒಂದೊಂದಾಗಿ ಬದಲಾಗುತ್ತಾ ವಿಕಿರಣ ಸೂಸುತ್ತವೆ. ಸೆಕೆಂಡಿಗೆ ಒಂದು ಪರಮಾಣು ಹಾಗೆ ಬದಲಾದರೆ ಅದನ್ನು 1 ಬೆಕೆರೆಲ್ ಅನ್ನುತ್ತಾರೆ. ಇದು ತುಂಬಾ ಸಣ್ಣ ಅಳತೆ. ನಮ್ಮ ನಿಮ್ಮ ಮೈಯಲ್ಲೇ ಪೊಟ್ಯಾಸಿಯಮ್ 40 ಅನ್ನುವ ವಸ್ತು ಹುಟ್ಟಿನಿಂದಲೂ ಇದೆ. ದೊಡ್ಡವರ ದೇಹದಲ್ಲಿ ಅದು ಸುಮಾರು 4,000 ಬೆಕೆರೆಲ್‌ನಷ್ಟು ಇರುತ್ತದೆ. ಒಂದು ಬಾಳೆಹಣ್ಣಿನಲ್ಲೂ 15 ಬೆಕೆರೆಲ್ ಹತ್ತಿರ ಇರುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ಒಂದು ಅಂಕಿ ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ಅದು ಯಾವ ವಸ್ತುವಿನದು, ಎಷ್ಟು, ಯಾರ ದೇಹಕ್ಕೆ ಹೋಗುತ್ತಿದೆ ಅನ್ನುವುದು ಮುಖ್ಯ. ದೇಹಕ್ಕೆ ತಗಲುವ ಪ್ರಮಾಣವನ್ನು ಸೀವರ್ಟ್‌ನಲ್ಲಿ ಹೇಳುತ್ತಾರೆ. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ಸಹಜವಾಗಿ ಬರುವ ವಿಕಿರಣ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಜನರಿಗೆ ಇದನ್ನೆಲ್ಲ ಹೇಳಿದರೆ ಅರ್ಥವಾಗುತ್ತದೆ. ‘ಅಂಕಿ ಕೊಟ್ಟರೆ ಜನ ಹೆದರುತ್ತಾರೆ’ ಅನ್ನುವ ಮಾತನ್ನು ನಾನು ತುಂಬಾ ಸಲ ಕೇಳಿದ್ದೇನೆ. ನನ್ನ ಅನುಭವದಲ್ಲಿ ಜನ ಹೆದರುವುದು ಅಂಕಿ ಮುಚ್ಚಿಟ್ಟಾಗ.

ಸ್ಥಾವರದಿಂದ ಹೊರಬರಬಹುದಾದ ವಸ್ತುಗಳು ಬೇರೆ ಬೇರೆ. ಒಂದೊಂದರ ಗುಣವೂ ಬೇರೆ. ಅಯೋಡಿನ್ 131 ಎಂಟು ದಿನಕ್ಕೆ ಅರ್ಧ ಆಗುತ್ತದೆ. ಆದರೆ ಆ ಎಂಟು ದಿನದಲ್ಲೇ ಅದು ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ, ಹಾಲಿನಿಂದ ಮಗುವಿನ ಗಂಟಲಿನ ಥೈರಾಯ್ಡ್ ಗ್ರಂಥಿಗೆ ಹೋಗಿ ಕೂರುತ್ತದೆ. ಸೀಸಿಯಮ್ 137 ಅರ್ಧ ಆಗಲು 30 ವರ್ಷ ಬೇಕು. ದೇಹ ಅದನ್ನು ಪೊಟ್ಯಾಸಿಯಮ್ ಅಂತ ತಿಳಿದು ಮಾಂಸಖಂಡಕ್ಕೆ ಸೇರಿಸಿಕೊಳ್ಳುತ್ತದೆ. ಸ್ಟ್ರಾನ್ಷಿಯಮ್ 90 ಕ್ಯಾಲ್ಸಿಯಮ್‌ನ ಹಾಗೆ ಮೂಳೆಗೆ ಹೋಗುತ್ತದೆ. ಟ್ರಿಟಿಯಮ್ ನೀರೇ ಆಗಿಬಿಡುತ್ತದೆ. ಅದರ ವಿಷಯ ಮುಂದೆ ಹೇಳುತ್ತೇನೆ.

ಹಾಲಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಇದರಲ್ಲಿ ಜಗತ್ತು ಎರಡು ಸಲ ಪಾಠ ಕಲಿಯಬೇಕಾಯಿತು.

1957ರ ಅಕ್ಟೋಬರ್ 10ರಂದು ಇಂಗ್ಲೆಂಡಿನ ವಿಂಡ್‌ಸ್ಕೇಲ್‌ನಲ್ಲಿ ಒಂದು ರಿಯಾಕ್ಟರಿಗೆ ಬೆಂಕಿ ಬಿದ್ದಿರುವುದು ಗೊತ್ತಾಯಿತು. ಅದು ಬಾಂಬಿಗೆ ಪ್ಲುಟೋನಿಯಮ್ ತಯಾರಿಸುತ್ತಿದ್ದ ರಿಯಾಕ್ಟರ್. ಅಯೋಡಿನ್ ಗಾಳಿಗೆ ಸೇರಿತು. ಹಾಲಿನಲ್ಲಿ ಎಷ್ಟು ಅಯೋಡಿನ್ ಇದ್ದರೆ ಮಕ್ಕಳಿಗೆ ಕೊಡಬಾರದು ಎಂಬ ಮಿತಿ ಆವತ್ತು ಯಾರ ಬಳಿಯೂ ಸಿದ್ಧವಿರಲಿಲ್ಲ. ಆ ತರಾತುರಿಯಲ್ಲೇ ಕೂತು ಲೆಕ್ಕ ಹಾಕಿದರು. ಲೀಟರಿಗೆ 0.1 ಮೈಕ್ರೋಕ್ಯೂರಿ, ಅಂದರೆ ಇವತ್ತಿನ ಅಳತೆಯಲ್ಲಿ 3,700 ಬೆಕೆರೆಲ್ ಅಂತ ಗೆರೆ ಎಳೆದರು. ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಕೆಲವು ವಾರ ಮಾರಾಟಕ್ಕೆ ಬಿಡದೆ ಚೆಲ್ಲಿದರು. ತಡವಾದರೂ ಅಳೆದರು, ನಿಲ್ಲಿಸಿದರು.

ಸುಮಾರು 29 ವರ್ಷದ ನಂತರ, ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರದಲ್ಲಿ ಒಂದು ರಿಯಾಕ್ಟರ್ ಸ್ಫೋಟಿಸಿತು. 1986ರ ಏಪ್ರಿಲ್ 26. ವಿಂಡ್‌ಸ್ಕೇಲ್‌ನ ಪಾಠ ಎದುರಿಗೇ ಇತ್ತು. ಆದರೂ ಬೆಲಾರೂಸ್, ಉಕ್ರೇನ್, ರಷ್ಯಾದ ಹಳ್ಳಿಗಳಲ್ಲಿ ಮಕ್ಕಳು ಅದೇ ಹಾಲು ಕುಡಿಯುತ್ತಾ ಹೋದರು. ಸಮಯಕ್ಕೆ ಯಾರೂ ತಡೆಯಲಿಲ್ಲ. ಆಗ 18 ವರ್ಷದೊಳಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪ್ರಕರಣ ದಾಖಲಾದವು. ಅದರಲ್ಲಿ ದೊಡ್ಡ ಪಾಲಿಗೆ ಆ ಹಾಲೇ ಕಾರಣ ಅಂತ ವಿಶ್ವಸಂಸ್ಥೆಯ ವಿಕಿರಣ ಸಮಿತಿ ಹೇಳಿದೆ. ಹೆಚ್ಚಿನವರು ಚಿಕಿತ್ಸೆಯಿಂದ ಬದುಕಿದರು, ನಿಜ. ಆದರೆ ಇದನ್ನು ಯೋಚಿಸಿ. ಅಯೋಡಿನ್ 131 ಮೂರು ತಿಂಗಳಲ್ಲಿ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಆ ಹಾಲನ್ನು ಪುಡಿ ಮಾಡಿ ಅಷ್ಟು ದಿನ ಎತ್ತಿಟ್ಟಿದ್ದರೆ ಅಯೋಡಿನ್ ತಾನೇ ಇಲ್ಲವಾಗುತ್ತಿತ್ತು. ಆ ಮೊದಲ ವಾರಗಳಲ್ಲಿ ಹಳ್ಳಿಹಳ್ಳಿಯ ಹಾಲನ್ನು ಅಳೆದು, ಆ ಅಂಕಿಯನ್ನು ಅಲ್ಲಿಯ ತಾಯಂದಿರಿಗೆ ಹೇಳಬೇಕಿತ್ತು. ಆ ಮಕ್ಕಳಲ್ಲಿ ಎಷ್ಟೋ ಜನರನ್ನು ಆ ಕಾಯಿಲೆಯಿಂದ ಉಳಿಸಿಕೊಳ್ಳಲು ಬೇಕಾಗಿದ್ದದ್ದು ಅದು.

ಚೆರ್ನೋಬಿಲ್ ಹೊರಜಗತ್ತಿಗೆ ಗೊತ್ತಾಗಿದ್ದು ಹೇಗೆ ಅಂತ ನಿಮಗೆಲ್ಲ ನೆನಪಿರುತ್ತದೆ. ಏಪ್ರಿಲ್ 28ರ ಬೆಳಿಗ್ಗೆ, ಸುಮಾರು 1,100 ಕಿಲೋಮೀಟರ್ ದೂರದ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅಣುಸ್ಥಾವರದಲ್ಲಿ ಒಬ್ಬ ಕೆಲಸಗಾರ ತಪಾಸಣೆ ಯಂತ್ರ ದಾಟುವಾಗ ಅಲಾರಂ ಹೊಡೆಯಿತು. ಅವರ ಬೂಟಿಗೆ ವಿಕಿರಣಶೀಲ ಧೂಳು ಅಂಟಿತ್ತು. ಮೊದಲು ತಮ್ಮ ಸ್ಥಾವರದಲ್ಲೇ ಏನೋ ಆಗಿದೆ ಅಂತ ಹುಡುಕಾಡಿದರು. ಆಮೇಲೆ ಗೊತ್ತಾಯಿತು, ಇದು ಹೊರಗಿನಿಂದ ಮಳೆಯ ಜೊತೆ ಬಂದದ್ದು ಅಂತ. ಸೋವಿಯತ್ ಸರ್ಕಾರ ಬಾಯಿ ಬಿಟ್ಟಿದ್ದು ಆ ದಿನ ರಾತ್ರಿ. ದಿನಾ ಅಳೆಯುವ ಅಭ್ಯಾಸ ಇದ್ದ ಒಂದು ಕಡೆ, ಬೇರೆ ದೇಶದವರು ಮುಚ್ಚಿಟ್ಟಿದ್ದು ಎರಡೇ ದಿನದಲ್ಲಿ ಬಯಲಾಯಿತು. ಇದನ್ನು ನಾನು ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಯಾವಾಗಲೂ ಹೇಳುತ್ತಿದ್ದೆ. ಬೇಸರ ತರಿಸುವ ದಿನನಿತ್ಯದ ಅಳತೆಯ ಬೆಲೆ ಅದು.

ಇನ್ನು ಫುಕುಶಿಮಾ. ಇಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಎರಡನ್ನೂ ಹೇಳುವುದು ನ್ಯಾಯ.

2011ರ ಮಾರ್ಚ್ 11ರಂದು ಭೂಕಂಪ, ಸುನಾಮಿಯಿಂದ ಜಪಾನಿನ ಆ ಅಣುಸ್ಥಾವರದಲ್ಲಿ ಅಪಘಾತವಾಯಿತು. ಅದೇ ತಿಂಗಳ 22ರಂದು ಟೋಕಿಯೊದ ಒಂದು ನೀರು ಶುದ್ಧೀಕರಣ ಘಟಕದಿಂದ ಸ್ಯಾಂಪಲ್ ತೆಗೆದರು. ಕಿಲೋಗೆ 210 ಬೆಕೆರೆಲ್ ಅಯೋಡಿನ್ ಸಿಕ್ಕಿತು. ಹಸುಗೂಸುಗಳಿಗೆ ಮಿತಿ 100, ದೊಡ್ಡವರಿಗೆ 300. ಮರುದಿನವೇ ಜನರಿಗೆ ಹೇಳಿದರು: ಹಸುಗೂಸುಗಳಿಗೆ ನಲ್ಲಿ ನೀರು ಕೊಡಬೇಡಿ. ಹಸುಗೂಸು ಇರುವ ಮನೆಗಳಿಗೆ ಬಾಟಲಿ ನೀರು ಹಂಚಿದರು. 24ರಂದು 79ಕ್ಕೆ ಇಳಿಯಿತು ಅಂತ ಅದನ್ನೂ ಹೇಳಿದರು. ಆ ಮೂರು ದಿನ ಅಲ್ಲಿಯ ತಾಯಂದಿರಿಗೆ ಎಷ್ಟು ಆತಂಕ ಆಗಿರಬೇಕು! ಆದರೂ ಅವರ ಕೈಯಲ್ಲಿ ಅಂಕಿ ಇತ್ತು, ಮಿತಿ ಇತ್ತು, ದಿನಾಂಕ ಇತ್ತು. ಯಾವ ನೀರು ಕೊಡಬೇಕು, ಯಾವಾಗ ಮತ್ತೆ ನಲ್ಲಿಗೆ ಮರಳಬಹುದು ಅಂತ ಅವರೇ ತೀರ್ಮಾನ ಮಾಡಬಹುದಿತ್ತು.

ಅದೇ ವರ್ಷ ಅಕ್ಕಿಯ ವಿಷಯದಲ್ಲಿ ಎಡವಿದರು. ಅಲ್ಲೊಂದು ಇಲ್ಲೊಂದು ಸ್ಯಾಂಪಲ್ ತೆಗೆದು, ಅಕ್ಟೋಬರ್‌ನಲ್ಲಿ ಫುಕುಶಿಮಾ ಪ್ರಾಂತ್ಯದ ಅಕ್ಕಿ ಸುರಕ್ಷಿತ ಅಂತ ಸಾರಿಬಿಟ್ಟರು. ನವೆಂಬರ್‌ನಲ್ಲಿ ಓನಾಮಿ ಎಂಬ ಭಾಗದ ಅಕ್ಕಿಯಲ್ಲಿ ಆಗಿನ ಮಿತಿಯಾದ 500 ಬೆಕೆರೆಲ್‌ಗಿಂತ ಜಾಸ್ತಿ ಸೀಸಿಯಮ್ ಸಿಕ್ಕಿತು. ಒಂದು ತಿಂಗಳ ಹಿಂದೆ ಕೊಟ್ಟ ಮಾತು ಬಿದ್ದುಹೋಯಿತು. ಪ್ರಾಂತ್ಯದ ಎಲ್ಲ ರೈತರ ಅಕ್ಕಿಯ ಮೇಲೂ ಅನುಮಾನ ಬಂತು. ದನದ ಮಾಂಸದಲ್ಲೂ ಹೀಗೇ ಆಗಿತ್ತು. ಹೊಲದಲ್ಲಿ ಬಿಟ್ಟಿದ್ದ ಭತ್ತದ ಹುಲ್ಲಿನ ಮೇಲೆ ಸೀಸಿಯಮ್ ಬಿದ್ದಿತ್ತು. ಆ ಹುಲ್ಲು ದೂರದ ದನಗಳಿಗೂ ಹೋಯಿತು. ಆ ದಾರಿಯನ್ನು ಅಧಿಕಾರಿಗಳು ಮೊದಲೇ ಸರಿಯಾಗಿ ಗಮನಿಸಿರಲಿಲ್ಲ. ಮಾಂಸ ಅಂಗಡಿಗಳಿಗೆ ಹೋದಮೇಲೆ, ಜುಲೈನಲ್ಲಿ ಗೊತ್ತಾಯಿತು.

ಆಮೇಲೆ ಅವರು ಮಾಡಿದ್ದನ್ನು ನೋಡಿ ನನಗೆ ನಿಜಕ್ಕೂ ಗೌರವ ಮೂಡಿತು. 2012ರ ಏಪ್ರಿಲ್‌ನಿಂದ ಮಿತಿಯನ್ನು ಬಿಗಿ ಮಾಡಿದರು. ಸಾಮಾನ್ಯ ಆಹಾರಕ್ಕೆ ಕಿಲೋಗೆ 100 ಬೆಕೆರೆಲ್, ಹಾಲು ಮತ್ತು ಮಕ್ಕಳ ಆಹಾರಕ್ಕೆ 50, ಕುಡಿಯುವ ನೀರಿಗೆ 10. ಆ ವರ್ಷದ ಬೆಳೆಯಿಂದ ಪ್ರಾಂತ್ಯದ ಪ್ರತಿಯೊಂದು ಅಕ್ಕಿ ಚೀಲವನ್ನೂ ಯಂತ್ರದಲ್ಲಿ ಹಾಯಿಸಿದರು. ವರ್ಷಕ್ಕೆ ಸುಮಾರು 1 ಕೋಟಿ ಚೀಲ. 2012ರಲ್ಲಿ ಮಿತಿ ದಾಟಿದ್ದು 71 ಚೀಲ. 2015ರ ಬೆಳೆಯಿಂದ ಮುಂದೆ ಒಂದೂ ಇಲ್ಲ. ಗದ್ದೆಗೆ ಪೊಟ್ಯಾಸಿಯಮ್ ಗೊಬ್ಬರ ಹಾಕಿ, ಬೇರು ಸೀಸಿಯಮ್ ಎಳೆದುಕೊಳ್ಳದ ಹಾಗೆ ನೋಡಿಕೊಂಡರು. ಅದು ಫಲ ಕೊಡುತ್ತಿದೆ ಅಂತ ವರ್ಷ ವರ್ಷದ ಅಳತೆಯೇ ತೋರಿಸಿತು. ಅಳತೆಯಿಂದ ತಿನ್ನುವವರಿಗೆ ಎಷ್ಟು ಲಾಭವೋ ಬೆಳೆಯುವವರಿಗೂ ಅಷ್ಟೇ. ಪರೀಕ್ಷೆ ಮಾಡಿದರೆ ಊರಿನ ಹೆಸರು ಕೆಡುತ್ತದೆ, ಬೆಳೆಗೆ ಬೆಲೆ ಬರುವುದಿಲ್ಲ ಅಂತ ಹೇಳುವ ಅಧಿಕಾರಿಗಳು ಈ ಚೀಲಗಳ ಲೆಕ್ಕವನ್ನು ಒಮ್ಮೆ ನೋಡಬೇಕು.

ಈಗ ಟ್ರಿಟಿಯಮ್. ಸ್ಥಾವರ ಸರಿಯಾಗಿ ನಡೆಯುತ್ತಿರುವಾಗಲೂ ಹೊರಬರುವ ವಸ್ತು ಇದು. ಅಪಘಾತ ಆಗಬೇಕಿಲ್ಲ. ಜಲಜನಕದ್ದೇ ಒಂದು ರೂಪ. ಆಮ್ಲಜನಕದ ಜೊತೆ ಸೇರಿ ನೀರೇ ಆಗುತ್ತದೆ. ನೀರಿನಲ್ಲಿರುವ ನೀರನ್ನು ಸೋಸುವುದು ಹೇಗೆ? ಮನೆಯ ಫಿಲ್ಟರ್‌ನಿಂದ ಆಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ. ಅದರ ವಿಕಿರಣ ಎಷ್ಟು ದುರ್ಬಲ ಅಂದರೆ ಚರ್ಮವನ್ನೂ ದಾಟುವುದಿಲ್ಲ. ಟಿಕ್ ಟಿಕ್ ಅನ್ನುವ ಗೈಗರ್ ಮೀಟರನ್ನು ಬಾಟಲಿಯ ಪಕ್ಕ ಹಿಡಿದರೆ ಏನೂ ಕೇಳಿಸುವುದಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಹಳ್ಳಿಗೆ ಬಂದು ಬಾವಿಯ ಹತ್ತಿರ ಮೀಟರ್ ಹಿಡಿದು ‘ನೋಡಿ, ಏನೂ ಇಲ್ಲ’ ಅಂತ ತೋರಿಸಿ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆ ತೋರಿಸುವುದು ತಪ್ಪು. ಟ್ರಿಟಿಯಮ್ ಅಳೆಯಲು ನೀರನ್ನು ಶುದ್ಧ ಮಾಡಿ, ಬೆಳಕು ಮಿನುಗಿಸುವ ದ್ರವದಲ್ಲಿ ಬೆರೆಸಿ, ಕತ್ತಲ ಪೆಟ್ಟಿಗೆಯಲ್ಲಿಟ್ಟು ಆ ಮಿನುಗನ್ನು ಎಣಿಸಬೇಕು.

ಟ್ರಿಟಿಯಮ್ ಬಗ್ಗೆ ಸಮಾಧಾನದ ಮಾತೂ ಇದೆ. ಕುಡಿದ ನೀರಿನ ಜೊತೆ ಒಳಗೆ ಹೋದದ್ದರಲ್ಲಿ ಅರ್ಧದಷ್ಟು ಹತ್ತು ದಿನದಲ್ಲಿ ಹೊರಹೋಗುತ್ತದೆ. ಒಂದು ಸಣ್ಣ ಪಾಲು ಮಾತ್ರ ದೇಹದ ಅಂಗಾಂಶಕ್ಕೆ ಸೇರಿಕೊಂಡು ಜಾಸ್ತಿ ದಿನ ಉಳಿಯುತ್ತದೆ. ಹಾಗಾದರೆ ಎಷ್ಟು ಇದ್ದರೆ ಸರಿ? ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 10,000 ಬೆಕೆರೆಲ್ ಅನ್ನುತ್ತದೆ. ಕೆನಡಾ 7,000. ಅಮೆರಿಕ 740. ಯುರೋಪ್ ಒಕ್ಕೂಟ 100, ಆದರೆ ಅದು ಅಪಾಯದ ಗೆರೆ ಅಲ್ಲ. 100 ದಾಟಿದರೆ ಎಲ್ಲಿಂದ ಬಂತು ಅಂತ ಹುಡುಕಿ ಅಂತ ಅರ್ಥ. ಈ ಅಂಕಿಗಳನ್ನು ಒಟ್ಟಿಗೆ ನೋಡಿದವರಿಗೆ ತಲೆ ತಿರುಗುತ್ತದೆ ಅಲ್ವಾ? ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ನೂರು ಪಟ್ಟು ಜಾಸ್ತಿ! ಅದಕ್ಕೇ ‘ಮಿತಿಯೊಳಗಿದೆ’ ಅಂತ ಸುಮ್ನೆ ಬರೆದರೆ ಸಾಲದು. ಯಾರ ಮಿತಿ? ಎಷ್ಟು ಒಳಗೆ? ಹೋದ ವರ್ಷಕ್ಕಿಂತ ಜಾಸ್ತಿಯೋ ಕಡಿಮೆಯೋ? ನನಗೆ ಯುರೋಪಿನವರ ಯೋಚನೆ ಇಷ್ಟ. ಟ್ರಿಟಿಯಮ್ ನೀರಿನ ವೇಗದಲ್ಲೇ ಹರಿಯುತ್ತದೆ. ನೆಲದೊಳಗೆ ಪೈಪ್ ಸೋರಿದರೆ ಬಾವಿಯಲ್ಲಿ ಮೊದಲು ಕಾಣಿಸುವ ವಸ್ತು ಅದು. 20 ಇದ್ದದ್ದು 60 ಆಯಿತು ಅಂದರೆ ಆರೋಗ್ಯಕ್ಕೆ ಏನೂ ಆಗದಿರಬಹುದು. ಆದರೆ ನೆಲದೊಳಗೆ ಏನೋ ಆಗಿದೆ. ಅದು ‘ಮಿತಿಯೊಳಗಿದೆ’ ಎಂಬ ಪದದಲ್ಲಿ ಕಾಣುವುದೇ ಇಲ್ಲ.

ಸೋರಿಕೆ ಅಂದಾಗ ಮಾಂಟಿಸೆಲೊ ನೆನಪಾಗುತ್ತದೆ. ಅಮೆರಿಕದ ಮಿನೆಸೋಟ ರಾಜ್ಯದ ಸ್ಥಾವರ. 2022ರ ನವೆಂಬರ್‌ನಲ್ಲಿ ಅಲ್ಲಿ ಪೈಪ್ ಸೋರಿ ಸುಮಾರು 15 ಲಕ್ಷ ಲೀಟರ್ ಟ್ರಿಟಿಯಮ್ ಬೆರೆತ ನೀರು ನೆಲಕ್ಕೆ ಇಳಿದಿರುವುದು ಗೊತ್ತಾಯಿತು. ನಿಯಂತ್ರಣ ಸಂಸ್ಥೆಗೆ ಆಗಲೇ ತಿಳಿಸಿದರು. ಕಂಪನಿಯವರು, ರಾಜ್ಯದ ಅಧಿಕಾರಿಗಳು ಜನರಿಗೆ ಹೇಳಿದ್ದು 2023ರ ಮಾರ್ಚ್‌ನಲ್ಲಿ. ಕುಡಿಯುವ ನೀರಿಗೆ ತೊಂದರೆಯಿಲ್ಲ ಅಂತಲೂ ಆಗಲೇ ಹೇಳಿದರು. ತೊಂದರೆ ಇಲ್ಲದಿದ್ದರೆ ನಾಲ್ಕು ತಿಂಗಳು ಯಾಕೆ ಕಾದಿರಿ ಅಂತ ಜನ ಕೇಳಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಸ್ಟ್ರಾನ್ಷಿಯಮ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸೀಸಿಯಮ್, ಅಯೋಡಿನ್ ಎರಡನ್ನೂ ಸೀಸದ ಗೂಡಿನೊಳಗಿನ ಜರ್ಮೇನಿಯಮ್ ಹರಳಿನ ಯಂತ್ರ ನೇರವಾಗಿ ಗುರುತಿಸುತ್ತದೆ. ಸ್ಟ್ರಾನ್ಷಿಯಮ್ 90 ಹಾಗೆ ಸಿಗುವುದಿಲ್ಲ. ಸ್ಯಾಂಪಲ್ ಸುಟ್ಟು ಬೂದಿ ಮಾಡಿ, ರಾಸಾಯನಿಕವಾಗಿ ಬೇರ್ಪಡಿಸಿ, ಎರಡು ವಾರದಷ್ಟು ಕಾಯಬೇಕಾಗುತ್ತದೆ. ಖರ್ಚು, ಸಮಯ ಎರಡೂ ಜಾಸ್ತಿ. ಅದಕ್ಕೇ ಎಷ್ಟೋ ಕಡೆ ಅದನ್ನು ಅಳೆಯುವುದೇ ಅಪರೂಪ. ಅಳೆಯದಿದ್ದರೆ ‘ಅಳೆದಿಲ್ಲ’ ಅಂತ ಬರೆಯಿರಿ. ಆ ಕಾಲಂ ಅನ್ನೇ ತೆಗೆದುಹಾಕಬೇಡಿ.

ಸರಾಸರಿಯೂ ಹೀಗೇ. ದ್ರವ ತ್ಯಾಜ್ಯವನ್ನು ತೊಟ್ಟಿಗಳಲ್ಲಿ ತುಂಬಿಟ್ಟು, ಅಳೆದು, ಕಂತು ಕಂತಾಗಿ ಬಿಡುತ್ತೀರಿ. ಇಂಧನ ಬದಲಿಸಲು ರಿಯಾಕ್ಟರ್ ತೆರೆದ ದಿನಗಳಲ್ಲಿ ಹೊರಹೋಗುವ ಅನಿಲ ಜಾಸ್ತಿಯಾಗಬಹುದು. ವರ್ಷದ ಸರಾಸರಿಯಲ್ಲಿ ಇದೆಲ್ಲ ಕರಗಿ ಒಂದು ಸಣ್ಣ ಅಂಕಿಯಾಗುತ್ತದೆ. ಹೊಳೆಯ ಕೆಳಗಿನ ಊರಿನವರು ಮಾತ್ರ ನೀರೆತ್ತುವುದು ಒಂದೊಂದು ದಿನದ ಲೆಕ್ಕದಲ್ಲಿ. ಬಿಡುವ ದಿನ ಯಾವುದು, ಆ ದಿನ ಎಷ್ಟು ಅಂತ ಅವರಿಗೆ ತಿಳಿಯಬೇಡವೇ?

ಜರ್ಮನಿಯಲ್ಲಿ 16 ಅಣುಸ್ಥಾವರಗಳ ಸುತ್ತ ಒಂದು ದೊಡ್ಡ ಅಧ್ಯಯನ ನಡೆಯಿತು. 1980ರಿಂದ 2003ರವರೆಗಿನ ಲೆಕ್ಕ. 2007ರ ಕೊನೆಗೆ ಫಲಿತಾಂಶ ಬಂತು. ಸ್ಥಾವರದಿಂದ 5 ಕಿಲೋಮೀಟರ್ ಒಳಗಿರುವ, 5 ವರ್ಷ ತುಂಬದ ಮಕ್ಕಳಲ್ಲಿ ರಕ್ತದ ಕ್ಯಾನ್ಸರಿನ ಅಪಾಯ ಸುಮಾರು ಎರಡು ಪಟ್ಟು ಕಂಡಿತು. ಒಟ್ಟು 37 ಮಕ್ಕಳು. ಆದರೆ ಸ್ಥಾವರದಿಂದ ಬರುವ ವಿಕಿರಣ ಅದಕ್ಕೆ ಕಾರಣವಾಗಲು ತೀರಾ ಕಡಿಮೆ ಅಂತ ತಜ್ಞರು ಹೇಳಿದರು. ಕಾರಣ ಸಿಗಲಿಲ್ಲ. ಬ್ರಿಟನ್ನಿನ ತಜ್ಞರ ಸಮಿತಿ 2011ರಲ್ಲಿ ತಮ್ಮ ಸ್ಥಾವರಗಳ ಸುತ್ತ ಅಂಥ ಹೆಚ್ಚಳ ಕಾಣಲಿಲ್ಲ ಅಂತ ಹೇಳಿತು. ನಾನು ಇದರಲ್ಲಿ ಯಾವ ಕಡೆಗೂ ವಾಲುವುದಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಜರ್ಮನಿಯ ಆ ಅಧ್ಯಯನ ಲೆಕ್ಕಕ್ಕೆ ತೆಗೆದುಕೊಂಡಿದ್ದು ಮನೆಯಿಂದ ಸ್ಥಾವರಕ್ಕೆ ಇರುವ ದೂರವನ್ನು. ಒಂದೊಂದು ಮಗುವಿನ ಮೈಗೆ ಎಷ್ಟು ಹೋಯಿತು ಎಂಬ ಅಳತೆ ಅದರಲ್ಲಿ ಇರಲಿಲ್ಲ. ಮಗು ಕುಡಿದ ನೀರು, ಹಾಲಿನ ಹಳೆಯ ಅಂಕಿಗಳು ಮನೆಮನೆಯ ಮಟ್ಟದಲ್ಲಿ ಇದ್ದಿದ್ದರೆ ಆ 37 ಮನೆಯವರಿಗೆ ಇನ್ನಷ್ಟು ಗಟ್ಟಿಯಾದ ಉತ್ತರ ಕೊಡಬಹುದಿತ್ತು ಅಂತ ನನಗೆ ಅನ್ನಿಸುತ್ತದೆ. ಇವತ್ತು ಅಳೆಯದೆ ಬಿಟ್ಟದ್ದನ್ನು 20 ವರ್ಷದ ನಂತರ ಹಿಂದೆ ಹೋಗಿ ಅಳೆಯಲಾಗುವುದಿಲ್ಲ.

ಸ್ಥಾವರ ಶುರುವಾಗುವ ಮೊದಲಿನ ಅಳತೆಯೂ ಇದೇ ಕಾರಣಕ್ಕೆ ಬೇಕು. 1950, 60ರ ದಶಕದ ಬಾಂಬ್ ಪರೀಕ್ಷೆಗಳಿಂದ ಬಿದ್ದ ಸೀಸಿಯಮ್ ಜಗತ್ತಿನ ಎಲ್ಲ ಮಣ್ಣಿನಲ್ಲೂ ಸ್ವಲ್ಪ ಇದೆ. ಜರ್ಮನಿಯ ಕಾಡುಹಂದಿಯ ಮಾಂಸದಲ್ಲಿ ಇವತ್ತಿಗೂ 600 ಬೆಕೆರೆಲ್ ಮಿತಿ ದಾಟುವ ಸೀಸಿಯಮ್ ಸಿಗುತ್ತದೆ. ಎಲ್ಲರೂ ಚೆರ್ನೋಬಿಲ್‌ನದ್ದು ಅಂತಿದ್ದರು. 2023ರಲ್ಲಿ ನೋಡಿದರೆ ಅದರಲ್ಲಿ ಬಾಂಬ್ ಪರೀಕ್ಷೆಯ ಪಾಲೂ ಸಾಕಷ್ಟು ಇದೆ ಅಂತ ಗೊತ್ತಾಯಿತು. ನಾಳೆ ನಿಮ್ಮ ಸ್ಥಾವರದ ಪಕ್ಕದ ಕೆರೆಯಲ್ಲಿ ಸೀಸಿಯಮ್ ಸಿಕ್ಕಿದರೆ, ಅದು ನಿಮ್ಮದಲ್ಲ ಅಂತ ತೋರಿಸಲು ನಿಮಗೇ ಹಳೆಯ ಅಂಕಿ ಬೇಕಾಗುತ್ತದೆ. ಆ ಅಂಕಿಯನ್ನು ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದರೆ, ಆಮೇಲೆ ತೆಗೆದು ತೋರಿಸಿದರೂ ಯಾರು ನಂಬುತ್ತಾರೆ?

ಇನ್ನು, ಅಳೆಯುವವರು ಯಾರು? ನಿಮಗೆ ಬೇಸರ ತರಿಸುವ ಪ್ರಶ್ನೆ ಇದು ಅಂತ ಗೊತ್ತು. ಸ್ಥಾವರದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರ ಪ್ರಾಮಾಣಿಕತೆಯ ಮೇಲೆ ನನಗೆ ಅನುಮಾನವಿಲ್ಲ. ಅಂಥವರ ಜೊತೆ ಕೂತು ಊಟ ಮಾಡಿದ್ದೇನೆ, ರಾತ್ರಿ ಪಾಳಿ ಮಾಡಿದ್ದೇನೆ. ಆದರೆ ಹೊರಗೆ ಬಿಡುವವರೇ ಅಳೆದು, ಅವರೇ ಸರಿ ಅಂತ ಹೇಳಿದರೆ, ಅಂಕಿ ಎಷ್ಟೇ ನಿಜವಾಗಿದ್ದರೂ ಕೇಳುವವರ ಮನಸ್ಸಿಗೆ ಇಳಿಯುವುದಿಲ್ಲ. ಫ್ರಾನ್ಸ್‌ನಲ್ಲಿ ಚೆರ್ನೋಬಿಲ್ ಮೋಡದ ವಿಷಯದಲ್ಲಿ ಸರ್ಕಾರದ ಮಾತಿನ ಮೇಲೆ ನಂಬಿಕೆ ಹೋಗಿ, 1986ರಲ್ಲೇ ಜನ ತಮ್ಮದೇ ಸ್ವತಂತ್ರ ಪ್ರಯೋಗಾಲಯಗಳನ್ನು ಕಟ್ಟಿದರು. 2010ರಲ್ಲಿ ಅದೇ ದೇಶ ಎಲ್ಲ ಅಳತೆಗಳನ್ನೂ ಒಂದೇ ಕಡೆ ಸೇರಿಸಿ ಜನರಿಗೆ ತೆರೆದಿಟ್ಟಿತು. ಜಪಾನಿನ ಇವಾಕಿ ಎಂಬ ಊರಿನ ತಾಯಂದಿರು 2011ರ ನವೆಂಬರ್‌ನಲ್ಲಿ ತಾವೇ ಒಂದು ಅಳತೆ ಕೇಂದ್ರ ಶುರು ಮಾಡಿದರು. ಅವರಲ್ಲಿ ಹೆಚ್ಚಿನವರಿಗೆ ವಿಜ್ಞಾನದ ಓದು ಇರಲಿಲ್ಲ. ಕಲಿತರು. ಟ್ರಿಟಿಯಮ್, ಸ್ಟ್ರಾನ್ಷಿಯಮ್ ಅಳೆಯುವುದನ್ನೂ ಕಲಿತರು. ಮಕ್ಕಳ ಊಟ ಕಟ್ಟಿಕೊಂಡು ಹೋಗುವ ಕೈಗಳು ಆ ಕೆಲಸ ಮಾಡಿದವು ಅಂತ ಓದಿದಾಗ ನನಗೆ ನಮ್ಮ ಪ್ರಯೋಗಾಲಯಕ್ಕೆ ಬಂದಿದ್ದ ಆ ಹೆಂಗಸು ನೆನಪಾದರು. ಅವರ ಪ್ರಶ್ನೆಯೂ ಅಷ್ಟೇ ನೇರವಾಗಿತ್ತು.

ಹಾಗಾಗಿ ಕೇಳುತ್ತೇನೆ: ಒಂದೇ ಸ್ಯಾಂಪಲ್ ಅನ್ನು ಎರಡು ಬಾಟಲಿಗೆ ಹಂಚಿ. ಒಂದು ನಿಮ್ಮ ಪ್ರಯೋಗಾಲಯಕ್ಕೆ, ಇನ್ನೊಂದು ನಿಮಗೆ ಸಂಬಂಧವಿಲ್ಲದ ಪ್ರಯೋಗಾಲಯಕ್ಕೆ ಹೋಗಲಿ. ಎರಡೂ ಅಂಕಿ ಅಕ್ಕಪಕ್ಕದಲ್ಲೇ ಪ್ರಕಟವಾಗಲಿ. ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಅದಕ್ಕೆ ನಾಚಿಕೊಳ್ಳಬೇಕಿಲ್ಲ, ಅಳತೆ ಅಂದರೇ ಹಾಗೆ. ಎಲ್ಲಿಂದ ಸ್ಯಾಂಪಲ್ ತೆಗೆಯಬೇಕು ಅಂತ ಊರಿನವರನ್ನೂ ಕೇಳಿ. ಯಾವ ಬಾವಿಯ ನೀರು ಬೇಸಿಗೆಯಲ್ಲಿ ಊರಿಗೆಲ್ಲ ಆಗುತ್ತದೆ, ದನ ಎಲ್ಲಿ ಮೇಯುತ್ತವೆ, ಮಳೆಗಾಲದಲ್ಲಿ ಅಣಬೆ ಎಲ್ಲಿಂದ ಕಿತ್ತು ತರುತ್ತಾರೆ, ಇದು ನಿಮ್ಮ ನಕ್ಷೆಯಲ್ಲಿ ಇಲ್ಲ. ಅವರ ತಲೆಯಲ್ಲಿದೆ. ಫುಕುಶಿಮಾದ ಭತ್ತದ ಹುಲ್ಲು ಎಲ್ಲೆಲ್ಲಿಗೆ ಮಾರಾಟವಾಗುತ್ತದೆ ಅಂತ ರೈತರಿಗೆ ಮೊದಲಿನಿಂದಲೂ ಗೊತ್ತಿತ್ತು.

ಅಂಕಿ ಮಾಮೂಲಿಗಿಂತ ಜಾಸ್ತಿ ಬಂದರೆ, ಕಾರಣ ಸಿಗುವವರೆಗೆ ಕಾಯಬೇಡಿ. ‘ಇಷ್ಟು ಬಂದಿದೆ, ಕಾರಣ ಹುಡುಕುತ್ತಿದ್ದೇವೆ, ಮತ್ತೆ ಇಂಥ ದಿನ ಅಳೆಯುತ್ತೇವೆ’ ಅಂತ ಅದೇ ದಿನ ಹೇಳಿ. ಟೋಕಿಯೊದ ನೀರಿನ ವಿಷಯದಲ್ಲಿ ಸ್ಯಾಂಪಲ್ ತೆಗೆದ ಮರುದಿನವೇ ಹೇಳಲು ಸಾಧ್ಯವಾಯಿತು.

ಕೊನೆಗೆ, ನಿಮ್ಮ ರಿಪೋರ್ಟಿನ ನಮೂನೆ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಾನೂನು ಬೇಡ. ಯಂತ್ರದ ಹತ್ತಿರ ಎಲ್ಲ ಮಾಹಿತಿ ಆಗಲೇ ಇದೆ. ಒಂದು ಗಂಟೆಯ ಬದಲು 24 ಗಂಟೆ ಎಣಿಸಿದರೆ ಯಂತ್ರಕ್ಕೆ ಸುಮಾರು 5 ಪಟ್ಟು ಸಣ್ಣ ಪ್ರಮಾಣವೂ ಕಾಣುತ್ತದೆ. ಅಂದರೆ ಒಂದೇ ‘ಪತ್ತೆಯಾಗಿಲ್ಲ’ ಎಂಬ ಪದಕ್ಕೆ ಎರಡು ದಿನ ಎರಡು ಅರ್ಥ. ಆ ಪದದ ಪಕ್ಕದಲ್ಲಿ ಪತ್ತೆ ಮಿತಿ (ಅಂದರೆ ಆ ದಿನ ಯಂತ್ರಕ್ಕೆ ಕಾಣಬಹುದಾದ ಅತಿ ಸಣ್ಣ ಪ್ರಮಾಣ) ಎಷ್ಟಿತ್ತು, ಎಷ್ಟು ಹೊತ್ತು ಎಣಿಸಿದಿರಿ, ಸ್ಯಾಂಪಲ್ ತೆಗೆದ ದಿನ ಯಾವುದು, ಜಾಗ ಯಾವುದು ಅಂತ ಬರೆಯಿರಿ. ನಾಲ್ಕು ಕಾಲಂ ಸಾಕು. ಸ್ಥಳೀಯರು ಓದುವ ಭಾಷೆಯಲ್ಲಿ, ಬಾವಿಯ ಯಜಮಾನರ ಕೈಗೂ ಒಂದು ಪ್ರತಿ ಸಿಗಲಿ.

ನಿಮ್ಮಲ್ಲಿ ಯಾರಾದರೂ ಒಬ್ಬರು ಈ ನಮೂನೆ ಬದಲಿಸಲು ಒಪ್ಪಿದರೆ, ಆ ನಾಲ್ಕು ಕಾಲಂ ಹೇಗಿರಬೇಕು ಅಂತ ನಿಮ್ಮ ಸಿಬ್ಬಂದಿಯ ಜೊತೆ ಕೂತು ಕೆಲಸ ಮಾಡಲು ನಾನು ಸಿದ್ಧಳಿದ್ದೇನೆ. ಒಪ್ಪದಿದ್ದರೆ ಯಾಕೆ ಅಂತ ಬಹಿರಂಗವಾಗಿಯೇ ಉತ್ತರ ಕೊಡಿ. ನಾನು ಕಾಯುತ್ತಿರುತ್ತೇನೆ.

ಇಂತಿ,
ನೀರು ಪರೀಕ್ಷೆಯ ಕೆಲಸ ಮಾಡಿದ ಒಬ್ಬಳು